ಹಲಗೆಯ ಮೇಲಿನ ಅರ್ಧ ಗಡ್ಡೆ

ಆ ವರ್ಷ ಮೊದಲ ಮಳೆ ಹತ್ತು ದಿನ ಮುಂಚೆ ಬಂತು. ಊರಿಗೆಲ್ಲ ಅದು ಸಂತೋಷದ ಸುದ್ದಿ. ನನಗೊಬ್ಬನಿಗೆ ಅಲ್ಲ. ನನ್ನ ಬಿತ್ತನೆ ಆಲೂಗಡ್ಡೆಯೆಲ್ಲ ಇನ್ನೂ ಹಾಸನದ ಕೋಲ್ಡ್ ಸ್ಟೋರೇಜಿನಲ್ಲಿ ತಣ್ಣಗೆ ಮಲಗಿತ್ತು.

ಹೊಳೆನರಸೀಪುರದ ಪೇಟೆಯಲ್ಲಿ ನಮ್ಮದೊಂದು ಅಂಗಡಿ. ವರ್ಷದಲ್ಲಿ ಒಂಬತ್ತು ತಿಂಗಳು ರಾಗಿ, ಅವರೆ, ಬೆಲ್ಲ. ಬೇಸಿಗೆಯ ಕೊನೆಗೆ ಬಿತ್ತನೆ ಗಡ್ಡೆ. ಅಪ್ಪ ತೀರಿಕೊಂಡ ಮೇಲೆ ಅದು ನನ್ನ ಎರಡನೇ ಹಂಗಾಮು. ಮೊಬೈಲು ಯಾರೂ ಕಂಡಿರದ ಕಾಲ. ಅಂಗಡಿಯಲ್ಲೊಂದು ಕಪ್ಪು ಫೋನಿತ್ತು, ಗುಡುಗಿದರೆ ಎರಡು ದಿನ ಉಸಿರೆತ್ತುತ್ತಿರಲಿಲ್ಲ. ನಮ್ಮ ಗಿರಾಕಿಗಳ ಹಳ್ಳಿಗಳಲ್ಲಿ ಅದೂ ಇರಲಿಲ್ಲ.

ಗಡ್ಡೆ ಜಲಂಧರಿನಿಂದ ಚಳಿಗಾಲದಲ್ಲೇ ಲಾರಿಯಲ್ಲಿ ಬಂದು ಹಾಸನದ ಶೀತದ ಕೋಣೆ ಸೇರುತ್ತಿತ್ತು. ಹೊರಗೆ ಬಿಸಿಲು ಸುಡುತ್ತಿದ್ದರೆ ಒಳಗೆ ಹಮಾಲಿಗಳು ಸ್ವೆಟರು, ಮಂಕಿ ಟೋಪಿ ಹಾಕಿಕೊಂಡು ಮೂಟೆ ಹೊರುತ್ತಿದ್ದರು. ಆ ಚಳಿಯಿಂದ ಆಚೆ ತಂದ ಗಡ್ಡೆಯನ್ನು ಕೂಡಲೇ ಮಾರುವಂತಿಲ್ಲ. ಬಿಸಿ ಗಾಳಿ ತಾಗಿದೊಡನೆ ಅದು ಬೆವರುತ್ತದೆ. ಆ ಬೆವರು ಆರಬೇಕು, ಕಣ್ಣು ಬಿಚ್ಚಿಕೊಂಡು ಮೊಳಕೆ ಇಣುಕಬೇಕು. ಅದಕ್ಕಾಗಿ ನೆರಳಿನಲ್ಲಿ, ಗಾಳಿಯಾಡುವ ಕಡೆ, ಎರಡು ಪದರಕ್ಕಿಂತ ಹೆಚ್ಚಾಗದಂತೆ ಹರಡಿ ಹತ್ತು ದಿನ ಬಿಡಬೇಕು. ದಿನಕ್ಕೊಮ್ಮೆ ಕೈಯಾಡಿಸಿ ಮಗ್ಗುಲು ಬದಲಾಯಿಸಬೇಕು. ಅಪ್ಪ ಹನ್ನೊಂದನೆಯ ದಿನ ಗಡ್ಡೆ ಹರಡಿದ ಷೆಡ್ಡಿನ ಬೀಗ ತೆಗೆಯುತ್ತಿದ್ದರು. ಯಾರು ಬಂದು ಎಷ್ಟೇ ಗೋಗರೆಯಲಿ, ಅದಕ್ಕೆ ಮುಂಚೆ ಬೀಗದ ಕೈ ಅವರ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ.

ಮಾರುವ ದಿನಕ್ಕೂ ನಮ್ಮಲ್ಲೊಂದು ಪದ್ಧತಿ ಇತ್ತು. ರೈತ ತನ್ನ ಮೂಟೆಯಿಂದ ತಾನೇ ಒಂದು ಗಡ್ಡೆ ಆರಿಸಿ, ಅಂಗಡಿಯ ಕುಡುಗೋಲಿನಿಂದ ಎರಡು ಹೋಳು ಮಾಡುತ್ತಿದ್ದ. ಒಳಗೆ ಬೆಳ್ಳಗಿದ್ದರೆ ವ್ಯಾಪಾರ ಮುಗಿದಂತೆ. ಅರ್ಧ ಅವನ ಚೀಲಕ್ಕೆ. ಇನ್ನರ್ಧದ ಕೊಯ್ದ ಮುಖಕ್ಕೆ ಒಲೆಯ ಬೂದಿ ಬಳಿದು ನಮ್ಮ ಗೋಡೆಯ ಹಲಗೆಯ ಮೇಲೆ ಇಡುತ್ತಿದ್ದೆವು. ಅದರ ಮುಂದೆ ಸೀಮೆಸುಣ್ಣದಲ್ಲಿ ಅವನ ಹೆಸರು, ಊರು. ಅವನ ಹೊಲದಲ್ಲಿ ಮೊಳಕೆ ಬರುವವರೆಗೆ ಅದು ಅಲ್ಲೇ ಇರಬೇಕು. ಹೊಲದ್ದು ಮೊಳೆಯದೆ ಹಲಗೆಯದು ಮೊಳೆತಿದ್ದರೆ ತಪ್ಪು ಬಿತ್ತಿದವನದು. ಎರಡೂ ಮೊಳೆಯದಿದ್ದರೆ ತಪ್ಪು ನಮ್ಮದು. ಬಾಯಿಮಾತು ಬೇಕಾಗುತ್ತಿರಲಿಲ್ಲ.

ಮಳೆ ಬಂದ ಮರುದಿನ ಅಂಗಡಿಗೆ ಮೊದಲು ಬಂದವರು ಗೌಡರು. ಅರಕಲಗೂಡಿನಾಚೆ, ರುದ್ರಪಟ್ಟಣದ ದಾರಿಯ ಹಳ್ಳಿಯವರು. ಅಪ್ಪನಿಗೆ ಗಿರಾಕಿಗಿಂತ ಹೆಚ್ಚಾಗಿ ಗೆಳೆಯರು. ಬೆಂಚಿನ ಮೇಲೆ ಕೂತು ಟವಲಿನಲ್ಲಿ ಕತ್ತು ಒರೆಸಿಕೊಂಡರು.

"ಏನಪ್ಪಾ, ಗೆಡ್ಡೆ ಆಚಿಗ್ ಬಂತಾ?"

"ಇಲ್ಲ ಗೌಡ್ರೇ, ಇನ್ನೂ ಹಾಸನದಲ್ಲೈತೆ. ತಂದು ಆರಾಕಬೇಕು. ಹತ್ತು ದಿನ ಬೇಕು."

"ಹತ್ ದಿನಕ್ಕೆ ನನ್ ವಲದ ಹದ ಎಲ್ಲಿದ್ದಾತು? ಬಸ್ ಸ್ಟಾಂಡ್ ತಾವ ಇನ್ನೊಬ್ರು ಈಗ್ಲೇ ಕೊಡ್ತಾವ್ರೆ. ನಿಮ್ಮಪ್ಪನ ಕಾಲ್ದಿಂದ ಇಲ್ಲೇ ತಕಂಡಿವ್ನಿ, ಅದಕ್ಕೆ ಕೇಳ್ತಾ ಇವ್ನಿ ಕಣಪ್ಪ."

ಅವರು ಎದ್ದುಹೋದ ಮೇಲೆ ಇನ್ನಷ್ಟು ಜನ ಬಂದರು. ಎಲ್ಲರದೂ ಅದೇ ಮಾತು. ಮಧ್ಯಾಹ್ನದ ಹೊತ್ತಿಗೆ ನಾನು ಮನಸ್ಸಿನಲ್ಲೇ ಹತ್ತು ದಿನವನ್ನು ಆರು ಮಾಡಿದ್ದೆ, ಸಂಜೆಯ ಹೊತ್ತಿಗೆ ಮೂರು. ಅಪ್ಪ ಹಳೇ ಕಾಲದವರು, ಸ್ವಲ್ಪ ಅತಿಯಾಗೇ ಜೋಪಾನ ಮಾಡುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ಸರಕನ್ನು ಲಾರಿಗೆ ಹಾಕಿಸಿ ತಂದೆ. ಉಳಿದರ್ಧ ಎರಡನೇ ಸುತ್ತಿಗೆಂದು ಹಾಸನದಲ್ಲೇ ಬಿಟ್ಟೆ.

ಷೆಡ್ಡು ಅಷ್ಟನ್ನು ಒಂದೇ ಸಲ ಹಿಡಿಸುವಷ್ಟು ದೊಡ್ಡದಲ್ಲ. ಎರಡು ಪದರದ ಬದಲು ಮೊಣಕಾಲುದ್ದ ರಾಶಿಯಾಯಿತು. ಸಾಲದ್ದಕ್ಕೆ ಹೆಂಚು ಸೋರುತ್ತಿತ್ತು, ಮೋಡ ಮತ್ತೆ ಕವಿದಿತ್ತು. ಟಾರ್ಪಾಲ್ ಹೊದಿಸಿ ಎಂದೆ. ನಮ್ಮ ಹಮಾಲಿಗಳ ಮೇಸ್ತ್ರಿ ಅಪ್ಪನ ಕಾಲದವರು, ಮಾತು ಕಡಿಮೆ. ಅವತ್ತು ಮಾತ್ರ ಟಾರ್ಪಾಲಿನ ತುದಿ ಹಿಡಿದುಕೊಂಡು ಹಾಗೇ ನಿಂತರು.

"ಸಾ, ಇದ್ನ ಆಕ್ಬೇಡಿ. ಗೆಡ್ಡೆ ಬೆವರ್ತಾ ಅವೆ. ಮಳೇಲಿ ನೆಂದ್ರೂ ಆರ್ತವೆ, ಉಸ್ರು ಕಟ್ಟುದ್ರೆ ಆರಕಿಲ್ಲ."

"ನೆಂದ ಗಡ್ಡೆ ಯಾರು ತಗೋತಾರೆ ಮೇಸ್ತ್ರಿ? ಮೂರು ದಿನದ ಮಾತು, ಹಾಕಿ."

ಅವರು ಹಾಕಿದರು. ನಾಲ್ಕನೆಯ ದಿನ ತೆಗೆದಾಗ ಟಾರ್ಪಾಲಿನ ಒಳಮೈಯಲ್ಲಿ ನೀರು ಮುತ್ತುಗಟ್ಟಿತ್ತು. ಗಡ್ಡೆಗಳನ್ನು ಗೋಣಿತಾಟಿನಲ್ಲಿ ಒರೆಸಿ ಮೂಟೆ ಕಟ್ಟಿಸಿದೆ. ಎರಡೇ ದಿನದಲ್ಲಿ ಎಲ್ಲ ಖಾಲಿ. ಪ್ರತಿಯೊಬ್ಬರೂ ಕುಡುಗೋಲು ಹಿಡಿದು ಕುಯ್ದು ನೋಡಿದರು, ಪ್ರತಿಯೊಂದೂ ಮಲ್ಲಿಗೆಯ ಹಾಗೆ ಬೆಳ್ಳಗಿತ್ತು. ಗೌಡರು ತಮ್ಮ ಅರ್ಧವನ್ನು ತಾವೇ ಬೂದಿಗೆ ಒತ್ತಿ ಹಲಗೆಯ ಮೊದಲ ಜಾಗದಲ್ಲಿಟ್ಟು ಹೋದರು. ಮೂವತ್ತನಾಲ್ಕು ಅರ್ಧಗಳು ಸಾಲಾಗಿ ಕೂತವು. ಆ ಸಂಜೆ ಅಪ್ಪನಿಗಿಂತ ನಾನೇ ಚುರುಕು ಅನ್ನಿಸಿತ್ತು. ಸುಳ್ಳು ಯಾಕೆ ಹೇಳಲಿ, ಬೀಗಿದ್ದೆ.

ಅದಾಗಿ ಮೂರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ವಾಸನೆ. ಇಲಿ ಸತ್ತಿರಬೇಕೆಂದು ಬೆಲ್ಲದ ಪೆಟ್ಟಿಗೆಗಳ ಹಿಂದೆಲ್ಲ ಹುಡುಕಿದೆ. ಇಲಿ ಸಿಗಲಿಲ್ಲ. ತಲೆ ಎತ್ತಿದಾಗ ಹಲಗೆಯ ಅಂಚಿನಿಂದ ಏನೋ ತೊಟ್ಟಿಕ್ಕುತ್ತಿತ್ತು. ಗೌಡರ ಅರ್ಧವನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಒಳಗೇ ಹೋಯಿತು. ಬೂದಿ ಕೆಸರಾಗಿತ್ತು. ಅರ್ಧಕ್ಕಿಂತ ಹೆಚ್ಚು ಹೋಳುಗಳ ಕತೆ ಅದೇ.

ಮೇಸ್ತ್ರಿ ಬಂದರು, ನೋಡಿದರು. ಷೆಡ್ಡಿನ ಮೂಲೆಯಲ್ಲಿ ಚೆಲ್ಲಿ ಉಳಿದಿದ್ದ ಕೆಲವು ಇಡೀ ಗಡ್ಡೆಗಳನ್ನು ಹೆಕ್ಕಿ ತಂದು ಒಂದೊಂದಾಗಿ ಒತ್ತಿ ನೋಡಿದರು.

"ಇವು ಗಟ್ಟಿ ಅವೆ ಸಾ. ಕುಯ್ದಿದ್ದೇ ಕೊಳೀತಾ ಇರೋದು. ಕುಯ್ದೇ ಇದ್ರೆ, ಅರಡ್ಬುಟ್ರೆ, ಉಳ್ಕತವೆ."

ಅಂದರೆ ಹಳ್ಳಿಗಳಲ್ಲಿ ಯಾರು ಇನ್ನೂ ಕುಯ್ದಿಲ್ಲವೋ ಅವರ ಬಿತ್ತನೆ ಉಳಿಯುತ್ತದೆ. ಕುಯ್ದವರದು ಹೋಯಿತು. ರೈತರು ನೆಡುವ ಒಂದೆರಡು ದಿನ ಮುಂಚೆ ಗಡ್ಡೆ ಕುಯ್ದು ಬೂದಿ ಹಚ್ಚುತ್ತಾರೆ. ಹೊಲದ ನೀರು ಬಸಿಯಲೆಂದು ಅವರೆಲ್ಲ ಕಾಯುತ್ತಿದ್ದ ದಿನಗಳವು. ಇವತ್ತೋ ನಾಳೆಯೋ ಮೂವತ್ತನಾಲ್ಕು ಮನೆಗಳಲ್ಲಿ ಕುಡುಗೋಲು ಹಿಡಿದು ಕೂರುತ್ತಾರೆ.

ಪಕ್ಕದ ಅಂಗಡಿಯವರು ಮೂಗು ಮುಚ್ಚಿಕೊಂಡು ಬಂದು ನನ್ನ ಒಳ್ಳೆಯದಕ್ಕೇ ಒಂದು ಮಾತು ಹೇಳಿದರು. "ಮಳೆ ಜಾಸ್ತಿಯಾಗಿ ಕೊಳೀತು ಅಂದ್ರೆ ಆಯ್ತು. ಅಷ್ಟೋ ಇಷ್ಟೋ ಪ್ರತಿ ವರ್ಷ ಎಲ್ರದೂ ಕೊಳೆಯುತ್ತೆ. ನೀವು ಹಲಗೆ ಒರೆಸಿಬಿಡಿ."

ನಾನು ಒದ್ದೆ ಬಟ್ಟೆ ಕೈಗೆ ತೆಗೆದುಕೊಂಡಿದ್ದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ತಡೆದದ್ದು ಧರ್ಮಬುದ್ಧಿಯೇನಲ್ಲ, ಹೆದರಿಕೆ. ಮೊಳಕೆ ಬಾರದಿದ್ದಾಗ ಗೌಡರು ಬಂದು ಮೊದಲು ನೋಡುವುದು ನನ್ನ ಮುಖವನ್ನಲ್ಲ, ಹಲಗೆಯನ್ನು. ಅಲ್ಲಿ ತಮ್ಮ ಅರ್ಧ ಕಾಣದಿದ್ದರೆ ಅವರು ಏನೂ ಕೇಳದೆ ಹೊರಟುಹೋಗುತ್ತಾರೆ. ಅದನ್ನು ನೆನೆಸಿಕೊಂಡು ಬಟ್ಟೆ ಕೆಳಗಿಟ್ಟೆ.

ಆದರೂ ಸುಲಭದ ದಾರಿಯನ್ನೇ ಹಿಡಿದೆ. ಮೂವತ್ತನಾಲ್ಕು ಚೀಟಿ ಬರೆದೆ. ಗಡ್ಡೆ ಕುಯ್ಯಬೇಡಿ, ಮೂಟೆ ಬಿಚ್ಚಿ ನೆರಳಿನಲ್ಲಿ ಹರಡಿ, ನಾನೇ ಬರುತ್ತೇನೆ. ಯಾಕೆಂದು ಮಾತ್ರ ಬರೆಯಲಿಲ್ಲ. ಬಸ್ ಸ್ಟಾಂಡಿಗೆ ಹೋಗಿ ಒಂದೊಂದು ದಾರಿಯ ಕಂಡಕ್ಟರ ಕೈಗೆ ಒಂದೊಂದು ಕಟ್ಟು ಕೊಟ್ಟೆ. ಊರಿನ ಟೀ ಅಂಗಡಿಗೆ ಕೊಟ್ಟರೆ ಮನೆ ಸೇರುತ್ತಿತ್ತು. ಕಾಗದ ಪತ್ರವೆಲ್ಲ ಹಾಗೇ ಓಡಾಡುತ್ತಿದ್ದ ಕಾಲ.

ಚೀಟಿಗಳು ಸೇರಬೇಕಾದ ಕಡೆ ಸೇರಿದವು. ಕೆಲಸ ಮಾತ್ರ ಕೆಟ್ಟಿತು. ಮಧ್ಯಾಹ್ನ ಮೊಸಳೆ ಎಂಬ ಊರಿನ ಕಡೆಯ ಗಿರಾಕಿಯೊಬ್ಬರು ಚೀಟಿ ಹಿಡಿದುಕೊಂಡೇ ಬಂದು ಅಂಗಡಿಯ ಮುಂದೆ ನಿಂತರು. ಒಳಗೆ ಕಾಲಿಡಲಿಲ್ಲ.

"ವಾರ್ದಲ್ಲಿ ಬಿತ್ನೆ ರೇಟು ಏರ್ತು ಅಂತ ವಾಪಸ್ ಕಿತ್ಕಳಕ್ಕೆ ನೋಡ್ತಾ ಇದೀರಾ? ನಮ್ಗೂ ಗೊತ್ತಾಯ್ತದೆ ಸಾ. ಚೀಟಿ ನೋಡ್ದಾಗಿಂದ ಮನೆ ಮಂದಿ ಎಲ್ಲಾ ಕುಂತ್ಕಂಡು ಕುಯ್ತಾ ಇದೀವಿ. ಕುಯ್ದಿದ್ನ ಎಂಗ್ ವಾಪಸ್ ತಕತೀರೋ ನೋಡನ."

ಮಳೆ ಬೇಗ ಬಂದು ರೇಟು ಏರಿದ್ದು ನಿಜ. ಹಾಗೆ ಸಬೂಬು ಹೇಳಿ ವಾಪಸ್ ತರಿಸಿಕೊಂಡ ವ್ಯಾಪಾರಿಗಳೂ ಹಿಂದೆ ಇದ್ದರು. ಕುಯ್ಯಬೇಡಿ ಎಂದು ನಾನು ಬರೆದ ಚೀಟಿಯೇ ಜನರನ್ನು ಕುಡುಗೋಲಿನ ಮುಂದೆ ಕೂರಿಸಿತ್ತು. ಬೆಂಚಿನ ಮೇಲೆ ಕೂತುಬಿಟ್ಟೆ.

ಆಗ ಮೇಸ್ತ್ರಿ ಮೂಲೆಯಲ್ಲಿದ್ದ ಬಿದಿರಿನ ಕುಕ್ಕೆ ತಂದು ನನ್ನ ಮುಂದಿಟ್ಟರು. ಚೀಟಿಯನ್ನು ನಂಬದವರಿಗೆ ಕೊಳೆತದ್ದನ್ನೇ ತೋರಿಸಬೇಕಿತ್ತು. ಹಲಗೆಯ ಮೇಲಿನ ಅರ್ಧಗಳನ್ನು ಒಂದೊಂದಾಗಿ ಬಾಳೆ ಎಲೆಯ ಚೂರಿನಲ್ಲಿ ಸುತ್ತಿ, ಯಾರದು ಯಾವುದೆಂದು ಚೀಟಿ ಸಿಕ್ಕಿಸಿ ಕುಕ್ಕೆಗೆ ಜೋಡಿಸಿದೆ. ಮೇಸ್ತ್ರಿಯನ್ನು ಹಾಸನಕ್ಕೆ ಕಳಿಸಿ ಉಳಿದ ಸರಕನ್ನು ಆಚೆ ತೆಗೆಸಲು ಹೇಳಿದೆ. "ಎರಡೇ ಪದರ ಮೇಸ್ತ್ರಿ. ಜಾಗ ಸಾಲದಿದ್ರೆ ನಮ್ಮ ಮನೆ ಪಡಸಾಲೆಗೂ ಹರಡಿ" ಎಂದೆ. ಆಮೇಲೆ ಅಂಗಡಿಗೆ ಬೀಗ ಹಾಕಿದೆ. ಹಂಗಾಮಿನ ನಡುವೆ, ಹಗಲು ಹೊತ್ತಿನಲ್ಲಿ, ನಮ್ಮ ಅಂಗಡಿಗೆ ಬೀಗ ಬಿದ್ದದ್ದು ಅಪ್ಪ ಸತ್ತ ದಿನ ಬಿಟ್ಟರೆ ಅದೇ ಮೊದಲು.

ಬಸ್ಸಿನಲ್ಲಿ ಕುಕ್ಕೆ ತೊಡೆಯ ಮೇಲಿಟ್ಟು ಕೂತರೆ ಸುತ್ತಲಿನ ಸೀಟು ತಾನಾಗಿಯೇ ಖಾಲಿಯಾಯಿತು. "ಏನ್ ಸಾವ್ಕಾರ್ರೇ, ಹೆಣ ಗಿಣ ಸಾಗಿಸ್ತಾ ಇದೀರಾ?" ಎಂದು ಕಂಡಕ್ಟರ್ ನಗಾಡಿ, ಕೊನೆಗೆ ಹಿಂದಿನ ಬಾಗಿಲ ಹತ್ತಿರ ನಿಲ್ಲಿಸಿದ. ಆ ದಿನ ಮೊಸಳೆಯ ಕಡೆ ಐದು ಮನೆ. ಎಲ್ಲ ಕಡೆಯೂ ಕ್ರಮ ಒಂದೇ. ಮೊದಲು ಅವರ ಅರ್ಧವನ್ನು ಬಿಚ್ಚಿ ಅವರ ಕೈಗೆ ಕೊಡುವುದು. ಮೂಸಿದ ಮೇಲೆ ರೇಟಿನ ಮಾತು ಯಾರೂ ಎತ್ತಲಿಲ್ಲ. ಆಮೇಲೆ ಮೂಟೆ ಬಿಚ್ಚಿ ಸುರಿದು, ಮೆತ್ತಗಾದದ್ದು, ಕಣ್ಣಿನ ಸುತ್ತ ಕಪ್ಪಾದದ್ದು ಆರಿಸಿ ಎಸೆದು, ಗಟ್ಟಿ ಇರುವುದನ್ನು ಜಗಲಿಯ ಮೇಲೋ ಕೊಟ್ಟಿಗೆಯ ಒಣ ಭಾಗದಲ್ಲೋ ಹರಡುವುದು. ಕುಯ್ದದ್ದರಲ್ಲಿ ಮುಖ ಒಣಗಿ ಚರ್ಮಗಟ್ಟಿದ್ದನ್ನು ಮಾತ್ರ ಇಟ್ಟುಕೊಂಡು ಮಿಕ್ಕದ್ದು ತಿಪ್ಪೆಗೆ. ಬದಲಿ ಗಡ್ಡೆ ಹನ್ನೊಂದನೆಯ ದಿನ ಕೊಡುತ್ತೇನೆ ಎಂದು ಹೇಳುವುದು. ಹೇಳಿ ಬೈಗುಳ ತಿಂದು ಮುಂದಿನ ಮನೆಗೆ ಹೊರಡುವುದು. ಅಂಗಡಿಗೆ ಬಂದು ಜಗಳ ಮಾಡಿದ್ದವರ ಮನೆಯಲ್ಲಿ ಎಲ್ಲವನ್ನೂ ಕುಯ್ದಿದ್ದರು. ಅವರು ಜಗಳವಾಡಲಿಲ್ಲ, ತಿಪ್ಪೆಗೆ ಸುರಿಯುವಾಗ ಮಂಕರಿಯ ಇನ್ನೊಂದು ಕಡೆ ಹಿಡಿದರು.

ಅಲ್ಲಿಂದ ರುದ್ರಪಟ್ಟಣದ ದಾರಿಗೆ, ಗೌಡರ ಮನೆಗೆ ಮೊದಲು ಹೋಗಬೇಕಿತ್ತು. ನಾನು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಆ ಕಡೆ ಮನೆಗಳು ಹೆಚ್ಚು, ಅದಕ್ಕೇ ಎಂದು ಯಾರಾದರೂ ಕೇಳಿದರೆ ಹೇಳಬಹುದಾಗಿತ್ತು. ನಿಜ ಅದಲ್ಲ. ಗೌಡರ ಮುಖ ನೋಡುವುದನ್ನು ಎಷ್ಟು ಸಾಧ್ಯವೋ ಅಷ್ಟು ಹಿಂದಕ್ಕೆ ತಳ್ಳುತ್ತಿದ್ದೆ.

ಚನ್ನರಾಯಪಟ್ಟಣದ ಕಡೆ ಎರಡು ದಿನ ಹಿಡಿಯಿತು. ಬಸ್ಸಿಳಿದು ಕೆಸರಿನಲ್ಲಿ ಮೈಲಿಗಟ್ಟಲೆ ನಡಿಗೆ. ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲೇ ತಿರುಗಿದೆ. ಅಲ್ಲಿನ ಒಂದು ಹಳ್ಳಿಯಲ್ಲಿ ಗಂಡ ಹಾಸಿಗೆ ಹಿಡಿದಿದ್ದರಿಂದ ಬೇಸಾಯವನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳೊಬ್ಬಳಿದ್ದಳು. ಅವಳು ನೆಟ್ಟು ಮುಗಿಸಿದ್ದಳು. ಹೊಲದಲ್ಲೇ ಸಿಕ್ಕಳು. ಅರ್ಧವನ್ನು ಕೈಗೆ ಕೊಟ್ಟೆ. ಅವಳು ಅದನ್ನು ಬದುವಿನ ಮೇಲಿಟ್ಟು, ಕುಕ್ಕರಗಾಲಲ್ಲಿ ಕೂತು ಒಂದು ಸಾಲನ್ನು ಕೈಯಿಂದಲೇ ಬಗೆದಳು. ಮೊದಲ ಹೋಳು ಲೋಳೆಯಾಗಿತ್ತು. ಎರಡನೆಯದೂ. ಮೂರನೆಯದನ್ನು ಬಗೆಯಲಿಲ್ಲ.

"ಬದಲಿ ಕೊಡ್ತೀನಿ ಅಕ್ಕಾ, ಮನೆಗೇ ಕಳಿಸ್ತೀನಿ. ಎಂಟು ದಿನ ತಾಳಿ."

"ಬದ್ಲಿ ಕೊಡ್ತೀರ ಅಣ್ಣಾ, ಸರಿ. ಉತ್ತಿದ್ದು, ಗೊಬ್ರ ಆಕಿದ್ದು, ಮುಯ್ಯಾಳು ಕರ್ದಿದ್ದು? ಅವ್ರ್ ಮನೆ ಕೆಲ್ಸುಕ್ಕೆ ನಾ ಇನ್ನೂ ಓಗ್ಬೇಕು." ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡಳು. "ನೀವ್ ಓಗಿ. ಮುಂದ್ಲು ಊರ್ನೋರು ಇನ್ನೂ ಕುಯ್ದಿಲ್ಲ."

ಅವಳು ಹೇಳಿದ್ದು ಸರಿ ಇತ್ತು. ಮುಂದಿನ ಊರಿನ ನಾಲ್ಕು ಮನೆಯವರದೂ ಉಳಿಯಿತು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ.

ಮೂರನೆಯ ದಿನ ಸಂಜೆಗೆ ಮುಂಚೆ ಗೌಡರ ಹಳ್ಳಿಗೆ ಹೋದೆ. ಕುಕ್ಕೆಯಲ್ಲಿ ಉಳಿದದ್ದು ಒಂದೇ ಅರ್ಧ. ಅವರು ಜಗಲಿಯ ಮೇಲೆ ಕೂತಿದ್ದರು. ಮುಂದೆ ಬೂದಿ ಹಚ್ಚಿದ ಹೋಳುಗಳ ದೊಡ್ಡ ರಾಶಿ, ಅದರ ಪಕ್ಕ ಕುಡುಗೋಲು. ವಾಸನೆ ಇನ್ನೂ ಎದ್ದಿರಲಿಲ್ಲ.

"ಯಾವಾಗ ಕುಯ್ದ್ರಿ ಗೌಡ್ರೇ?"

"ಈವತ್ ಬೆಳಿಗ್ಗೆ." ನನ್ನ ಚೀಟಿಯನ್ನು ಜೇಬಿನಿಂದ ತೆಗೆದು ತೋರಿಸಿದರು. ನಾಲ್ಕು ಮಡಿಕೆಯಾಗಿತ್ತು. "ಬತ್ತೀನಿ ಅಂತ ಬರ್ದಿದ್ದೆ. ನಿಮ್ಮಪ್ಪನ ಮಗ ಬರದೆಲೆ ಇರಕಿಲ್ಲ ಅಂತ ಒಂದ್ ದಿನ ಕಾದೆ. ಎಲ್ಡ್ ದಿನ ಕಾದೆ. ಊರೋರೆಲ್ಲ ನಗಾಡುದ್ರು. ಮೋಡ ಮತ್ತೆ ಕಟ್ತು, ಇನ್ ಎಷ್ಟ್ ಕಾಯಾನ?"

ನಾನು ಅರ್ಧವನ್ನು ಬಿಚ್ಚಿ ಕೊಟ್ಟೆ. ಅವರು ಅದನ್ನೂ ರಾಶಿಯನ್ನೂ ನೋಡಿದರು. ಆ ರಾಶಿಗೆ ಏನಾಗಲಿದೆ ಎಂದು ವಿವರಿಸುವ ಅಗತ್ಯವಿರಲಿಲ್ಲ. ಮೊದಲ ದಿನವೇ ಈ ಬಸ್ಸು ಹತ್ತಿದ್ದರೆ ಅದರಲ್ಲಿ ಒಂದು ಗಡ್ಡೆಯೂ ಹಾಳಾಗುತ್ತಿರಲಿಲ್ಲ. ಹೊಲ ಹದವಾಗಿದ್ದೂ ನನ್ನ ಮಾತಿಗೆ ಬೆಲೆ ಕೊಟ್ಟು ಕಾದವರು ಅವರೊಬ್ಬರೇ, ನಾನು ಕೊನೆಗೆ ತಳ್ಳಿದ್ದೂ ಅವರನ್ನೇ. ಅಷ್ಟನ್ನೂ ಬಾಯಿಬಿಟ್ಟು ಹೇಳಿದೆ. ಟಾರ್ಪಾಲಿನ ವಿಷಯವನ್ನೂ ಹೇಳಿದೆ. ಕಣ್ಣಲ್ಲಿ ನೀರು ಬಂತು. ದಣಿವಿಗೋ ನಾಚಿಕೆಗೋ ಗೊತ್ತಿಲ್ಲ.

ಗೌಡರು ಎದ್ದರು. ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದು ಮುಂದಿಟ್ಟರು.

"ಅವಸ್ರ ಮಾಡ್ದೋನು ನಾನೇ, ಇಲ್ಲ ಅನ್ನಕಿಲ್ಲ. ಮಳೆ ಬಿದ್ರೆ ನಾವು ಅವಸ್ರ ಮಾಡೋರೇ ಕಣಪ್ಪ. ಆದ್ರೆ ಬೀಗದ್ ಕೈ ಇದ್ದುದ್ದು ನಿನ್ ಸೊಂಟದಾಗೆ."

ಮಜ್ಜಿಗೆ ಕುಡಿದು ಚೊಂಬು ಕೆಳಗಿಟ್ಟೆ.

ಅದರ ಮುಂದಿನ ದಿನಗಳ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಹಾಸನದಿಂದ ಬಂದ ಗಡ್ಡೆ ಷೆಡ್ಡು ತುಂಬಿ, ನಮ್ಮ ಮನೆಯ ಪಡಸಾಲೆ, ನಡುಮನೆ, ಕೊನೆಗೆ ದೇವರ ಕೋಣೆಯ ಬಾಗಿಲವರೆಗೂ ಹರಡಿತ್ತು. ಹೆಂಡತಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿಬರುತ್ತಿದ್ದಳು. ಮೇಸ್ತ್ರಿಯೂ ನಾನೂ ಬೆಳಿಗ್ಗೆ ಸಂಜೆ ಮಂಡಿಯೂರಿ ಒಂದೊಂದರ ಮಗ್ಗುಲು ಬದಲಾಯಿಸಿದೆವು. ಹೊರಗೆ ಹದವಾದ ಮಳೆ ಬಂದು ಬಂದು ಹೋಗುತ್ತಿತ್ತು. ಕೊಳ್ಳುವವರು ಬಂದು ಕೇಳುತ್ತಿದ್ದರು. ನಾನು ಇಲ್ಲ ಅನ್ನುತ್ತಿದ್ದೆ. ಕೆಲವರು ಬೇರೆ ಕಡೆ ಹೋದರು. ಆರನೆಯ ದಿನ ಕಣ್ಣುಗಳಲ್ಲಿ ಜೋಳದ ಕಾಳಿನಷ್ಟು ಮೊಳಕೆ ಕಂಡಾಗ ಮೇಸ್ತ್ರಿ ಒಂದು ಗಡ್ಡೆಯನ್ನು ನನ್ನ ಮುಖದ ಹತ್ತಿರ ಹಿಡಿದು ತೋರಿಸಿ ಮತ್ತೆ ಅದರ ಜಾಗದಲ್ಲೇ ಇಟ್ಟರು.

ಚನ್ನರಾಯಪಟ್ಟಣದ ಕಡೆಯ ಆ ಹೆಣ್ಣುಮಗಳ ಮನೆಗೆ ಹನ್ನೊಂದನೆಯ ದಿನ ಬೆಳಿಗ್ಗೆಯೇ ಮೂಟೆ ಕಳಿಸಿದೆ. ಗಾಡಿ ಮೂಟೆಗಳ ಸಮೇತ ವಾಪಸ್ ಬಂತು. ಅವಳು ಹೊಲಕ್ಕೆ ರಾಗಿ ಚೆಲ್ಲಿದ್ದಳಂತೆ. ಆಮೇಲೆ ಅವಳು ನಮ್ಮ ಅಂಗಡಿಗೆ ಯಾವತ್ತೂ ಬರಲಿಲ್ಲ. ಸಂತೆಯಲ್ಲಿ ಸಿಕ್ಕರೆ ತಲೆಯಾಡಿಸುತ್ತಿದ್ದಳು, ಅಷ್ಟೇ.

ಅದೇ ಹನ್ನೊಂದನೆಯ ದಿನ ಮಧ್ಯಾಹ್ನ ಗೌಡರು ಗಾಡಿ ಕಟ್ಟಿಸಿಕೊಂಡು ಬಂದರು. ಮೂಟೆಗಳನ್ನು ಮುಂದಿಟ್ಟೆ, ಕುಡುಗೋಲನ್ನು ಒರೆಸಿ ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ.

"ಅವತ್ತು ನಾನೇ ಕುಯ್ದು ನೋಡುದ್ನಲ್ಲ. ಬೆಳ್ಳಗೇ ಇತ್ತು. ಈವತ್ ನೀನ್ ಕುಯ್ಯಿ."

ಅಷ್ಟು ವರ್ಷಗಳಲ್ಲಿ ಅಪ್ಪನಾಗಲಿ ನಾನಾಗಲಿ ಅಂಗಡಿಯಲ್ಲಿ ಗಡ್ಡೆ ಕುಯ್ದದ್ದಿಲ್ಲ. ಅದು ಕೊಳ್ಳುವವರ ಕೆಲಸ. ಮೂಟೆಗೆ ಕೈ ಹಾಕಿ ಒಂದನ್ನು ತೆಗೆದೆ. ಅಭ್ಯಾಸವಿಲ್ಲದ ಕೈ, ಹೋಳು ಸೊಟ್ಟಗಾಯಿತು. ಒಳಗೆ ಬೆಳ್ಳಗೆ, ಒಣಗಿತ್ತು. ಗೌಡರು ಗಡ್ಡೆ ನೋಡಲಿಲ್ಲ. ಪೂರ್ತಿ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದರು.

"ಆಯ್ತು. ಮೂಟೆ ಎತ್ಸು."

ಅವರ ಅರ್ಧವನ್ನು ಚಾಚಿದೆ. ಬೇಡವೆಂದು ಕೈಯಾಡಿಸಿದರು. "ಎಲ್ಡೂ ನಿನ್ ತಾವೇ ಇರ್ಲಿ. ಕಾಯೋದು ನಿನ್ ಕೆಲ್ಸ."

ಎರಡೂ ಅರ್ಧಗಳಿಗೆ ಬೂದಿ ಬಳಿದು ಹಲಗೆಯ ಮೊದಲ ಜಾಗದಲ್ಲಿ ಅಕ್ಕಪಕ್ಕ ಇಟ್ಟೆ. ಮೂರನೆಯ ದಿನ ಒಣಗಿದ್ದವು. ನಾಲ್ಕನೆಯ ದಿನವೂ. ಎಂಟನೆಯ ದಿನ ಬೂದಿಯ ಪಕ್ಕದಿಂದ ಮೊಳಕೆ ಮೇಲೆದ್ದಿತು. ತಡವಾಗಿ ನೆಟ್ಟ ಪೈರು, ಫಸಲು ಸಾಧಾರಣ. ಗೌಡರು ಅದರ ಮಾತೇ ಎತ್ತಲಿಲ್ಲ, ಮುಂದಿನ ವರ್ಷ ಬಂದು ಮತ್ತೆ ನನ್ನ ಕೈಗೇ ಕುಡುಗೋಲು ಕೊಟ್ಟರು.

ಅಂಗಡಿ ಮುಚ್ಚಿ ಬಹಳ ವರ್ಷವಾಯಿತು. ಮುಚ್ಚುವ ದಿನದವರೆಗೂ ಬೆಳಿಗ್ಗೆ ಬಾಗಿಲು ತೆಗೆದೊಡನೆ ಮೊದಲು ಹಲಗೆಯ ಹತ್ತಿರ ಹೋಗಿ ಮೂಸಿ ನೋಡುತ್ತಿದ್ದೆ. ದೇವರ ಪಟಕ್ಕೆ ಕೈ ಮುಗಿಯುತ್ತಿದ್ದುದು ಅದಾದ ಮೇಲೆ.